ಮಾರ್ಚ್ ದಾಟುವ ಹೂಗಿಡ ಹಾಕೋಣ

ಡಿಸೆಂಬರ್ ಕೊನೆಯ ವಾರ ನಮ್ಮ ಕಾಲೇಜಿನ ಗೇಟಿನೊಳಗೆ ಒಂದು ಮಿನಿ ಲಾರಿ ಬರುತ್ತದೆ. ನಾವು ಫಸ್ಟ್ ಇಯರ್‌ನಲ್ಲಿದ್ದಾಗಲೂ ಬಂತು, ಈ ವರ್ಷವೂ ಬಂತು. ಸೀನಿಯರ್‌ಗಳನ್ನು ಕೇಳಿದರೆ ಅವರ ಕಾಲದಿಂದಲೂ ಬರುತ್ತಿದೆಯಂತೆ. ಲಾರಿ ತುಂಬ ಕಪ್ಪು ಪ್ಲಾಸ್ಟಿಕ್ ಕುಂಡಗಳು. ಪೆಟೂನಿಯಾ, ಪ್ಯಾನ್ಸಿ, ಡಯಾಂಥಸ್, ಸಾಲ್ವಿಯಾ. ಕುಂಡಕ್ಕೆ ಸಿಕ್ಕಿಸಿರುವ ಚೀಟಿಯ ಮೇಲೆ ‘ಕೋಲ್ಡ್ ಹಾರ್ಡಿ’ ಅಂತ ಇರುತ್ತದೆ. ಅಂದರೆ ಚಳಿಗೆ ಜಗ್ಗದ ಗಿಡ. ಎರಡು ದಿನದಲ್ಲಿ ಅಡ್ಮಿನ್ ಬ್ಲಾಕ್ ಮುಂದೆ ಬಣ್ಣವೋ ಬಣ್ಣ. ಫೆಸ್ಟ್ ಬರುತ್ತದೆ, ಅತಿಥಿಗಳು ಬರುತ್ತಾರೆ, ನಾವೆಲ್ಲ ಅದರ ಮುಂದೆ ನಿಂತು ರೀಲ್ಸ್ ಮಾಡುತ್ತೇವೆ. ಸುಳ್ಳು ಯಾಕೆ ಹೇಳೋಣ, ನಾವೂ ಮಾಡಿದ್ದೀವಿ.

ಫೆಬ್ರವರಿ ಕೊನೆಗೆ ಪ್ಯಾನ್ಸಿ ಬಾಡುತ್ತದೆ. ಮಾರ್ಚ್ ಮೊದಲ ಇಂಟರ್ನಲ್ಸ್ ಹೊತ್ತಿಗೆ ಉಳಿಯುವುದು ಕಡ್ಡಿ ಮಾತ್ರ. ಹೋದ ಮಾರ್ಚಿನಲ್ಲಿ ಒಂದು ಬೆಳಗ್ಗೆ ಟೀ ಕುಡಿಯುತ್ತಾ ನಿಂತಿದ್ದೆವು. ಮಾಲಿ ಅಣ್ಣನನ್ನು ಒಬ್ಬರು ಎಲ್ಲರ ಮುಂದೆಯೇ ಬೈಯುತ್ತಿದ್ದರು. ‘ಇಷ್ಟು ದುಡ್ಡು ಹಾಕಿ ತಂದಿದ್ದು, ನೀರು ಹಾಕೋಕೆ ಆಗಲ್ವಾ?’ ‘ಹಾಕಿದ್ದೀನಿ ಸಾರ್’ ಅಂದರು ಅವರು. ಹಾಕಿದ್ದರು ಕೂಡ. ಹಾಸ್ಟೆಲಿಗೇ ನೀರು ಸಾಲದೆ ಟ್ಯಾಂಕರ್ ಬರುತ್ತಿದ್ದ ದಿನಗಳಲ್ಲೂ ಅವರು ಪೈಪು ಎಳೆದುಕೊಂಡು ಹೋಗುತ್ತಿದ್ದುದನ್ನು ನಾವು ನೋಡಿದ್ದೆವು. ಆದರೂ ಆವತ್ತು ನಾವು ಏನೂ ಹೇಳಲಿಲ್ಲ. ಟೀ ಮುಗಿಸಿ ಕ್ಲಾಸಿಗೆ ಹೋದೆವು.

ಈ ಲೇಖನ ಆವತ್ತು ಹೇಳಬೇಕಿದ್ದ ಮಾತು. ಹೇಳಲು ಒಂದು ವರ್ಷ ಹಿಡಿಯಿತು, ಯಾಕೆಂದರೆ ಏನು ಹೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಹೊನ್ನೂರಿನಲ್ಲಿ.

ಹೊನ್ನೂರು ಯಳಂದೂರು ತಾಲ್ಲೂಕಿನ ಊರು, ನಮ್ಮ ಗುಂಪಿನಲ್ಲಿ ಒಬ್ಬನ ಊರು. ಈ ಸಲ ಸಂಕ್ರಾಂತಿ ರಜೆಗೆ ನಾವು ಐದು ಜನ ಅಲ್ಲಿಗೆ ಹೋಗಿದ್ದೆವು. ಸಂಕ್ರಾಂತಿ ಆದ ಮೇಲೆ ಬಿಳಿಗಿರಿರಂಗನ ಬೆಟ್ಟದಲ್ಲಿ ಚಿಕ್ಕ ಜಾತ್ರೆ ನಡೆಯುತ್ತದೆ, ಅದನ್ನು ನೋಡೋಣ ಅಂತ. ಹೊನ್ನೂರಿಗೆ ಹೆಸರಿನಲ್ಲೇ ಹೊನ್ನಿದೆ. ಆ ಸೀಮೆಯಲ್ಲಿ ಹರಿಯುವ ಸುವರ್ಣಾವತಿಗೆ ಜನ ಹೊನ್ನುಹೊಳೆ ಅಂತಲೂ ಕರೆಯುತ್ತಾರೆ. ಮುಂಜಾನೆ ಎದ್ದು ಹಲ್ಲುಜ್ಜುತ್ತಾ ಹೊರಗೆ ಬಂದರೆ ನಿಜಕ್ಕೂ ಹೊನ್ನೇ. ಮನೆ ಮುಂದೆ ಹಳದಿ ಸೇವಂತಿಗೆ, ಅದರ ಪಕ್ಕ ಕಿತ್ತಳೆ ಬಣ್ಣದ ಚೆಂಡು ಹೂ, ಗೋಡೆ ಬದಿಗೆ ನೇರಳೆ ಬಣ್ಣದ ಸ್ಪಟಿಕ, ಹಿತ್ತಲ ಬೇಲಿಗೆ ಹಬ್ಬಿದ ಅವರೆ, ರಸ್ತೆ ಪಕ್ಕದಲ್ಲಿ ಯಾರೂ ನೆಡದ ತಂಗಡಿ. ಎಲೆ ಮೇಲೆ ಇಬ್ಬನಿ. ನಮ್ಮ ಕಾಲೇಜಿನ ಅಡ್ಮಿನ್ ಬ್ಲಾಕಿಗಿಂತ ಒಂದು ಬಣ್ಣವೂ ಕಡಿಮೆ ಇರಲಿಲ್ಲ. ಕಪ್ಪು ಕುಂಡ ಒಂದೂ ಇರಲಿಲ್ಲ.

ಇಲ್ಲಿ ಒಂದು ನಾಚಿಕೆಯ ವಿಷಯ ಹೇಳಿಬಿಡಬೇಕು. ಆ ಗಿಡಗಳಲ್ಲಿ ನಮಗೆ ಹೆಸರು ಗೊತ್ತಿದ್ದದ್ದು ಎರಡಕ್ಕೆ, ಅದೂ ಮಾರಿಗೋಲ್ಡ್, ಕ್ರಿಸಾಂಥಿಮಮ್ ಅಂತ. ಇಂಗ್ಲಿಷ್ ಮೀಡಿಯಂನಲ್ಲಿ ಹನ್ನೆರಡು ವರ್ಷ ಓದಿದ್ದಕ್ಕೆ ಸಿಕ್ಕ ಫಲ. ಸ್ಪಟಿಕ ಅನ್ನೋ ಹೆಸರು ಕೇಳಿ ನಮ್ಮಲ್ಲೊಬ್ಬ ‘ಅದು ಕಲ್ಲಲ್ವಾ?’ ಅಂದ. ಗೊರಟೆ ಅಂತಲೂ, ಡಿಸೆಂಬರ್ ಹೂ ಅಂತಲೂ ಅದನ್ನೇ ಕರೆಯುತ್ತಾರೆ ಅಂತ ಗೆಳೆಯನ ಅಜ್ಜಿ ಹೇಳಿದರು. ಡಿಸೆಂಬರ್ ಹೂ! ಚಳಿಗಾಲದ ಹೂ ಯಾವುದು ಅಂತ ನರ್ಸರಿ ಕ್ಯಾಟಲಾಗಿನಲ್ಲಿ ಹುಡುಕುವವರ ಮುಂದೆ, ತಿಂಗಳ ಹೆಸರನ್ನೇ ಇಟ್ಟುಕೊಂಡು ಒಂದು ಗಿಡ ನಿಂತಿದೆ.

ನಾವು ಅದರ ಫೋಟೊ ತೆಗೆಯುವುದನ್ನು ನೋಡಿ ಅಜ್ಜಿ ಕೇಳಿದರು, ‘ನಿಮ್ ಕಾಲೇಜಲ್ಲಿ ಹೂವಿಲ್ವಾ ಮೊಗಾ?’ ಇದೆ ಅಜ್ಜಿ, ವರ್ಷಾ ವರ್ಷಾ ಲಾರಿಯಲ್ಲಿ ತರಿಸ್ತಾರೆ ಅಂದೆವು. ‘ವರ್ಸ ವರ್ಸವೂ ಕಾಸ್ ಕೊಟ್ಟಾ? ಅದ್ಯಾಕೆ? ನಾಕು ಕಡ್ಡಿ ಮುರ್ಕೊಂಡೋಗಿ ನೆಡಿ, ಬತ್ತದೆ.’

ನಮಗೆ ಗೊಂದಲ. ನೆಡಿ ಅಂತಾರೆ, ಬತ್ತುತ್ತದೆ ಅಂತಲೂ ಹೇಳ್ತಾರೆ! ಗೆಳೆಯ ಬಿದ್ದು ಬಿದ್ದು ನಕ್ಕ. ಆ ಕಡೆ ‘ಬತ್ತದೆ’ ಅಂದರೆ ‘ಬರುತ್ತದೆ’. ಚಿಗುರುತ್ತದೆ, ಹಿಡಿದುಕೊಳ್ಳುತ್ತದೆ ಅಂತ. ಪುಸ್ತಕದ ಕನ್ನಡದಲ್ಲಿ ನೋಡಿದರೆ ‘ಬತ್ತದೆ’ ಅಂದರೆ ಒಣಗದೆ. ಎರಡು ಅರ್ಥವೂ ಆ ಗಿಡಕ್ಕೆ ಸರಿಯಾಗಿಯೇ ಇದೆ.

ಈಗ ವಿಷಯಕ್ಕೆ ಬರೋಣ. ‘ಕೋಲ್ಡ್ ಹಾರ್ಡಿ’ ಅನ್ನುವ ಮಾತು ಎಲ್ಲಿಂದ ಬಂತು? ಹಿಮ ಬೀಳುವ ದೇಶಗಳಿಂದ. ಅಮೆರಿಕದ ಕೃಷಿ ಇಲಾಖೆ ಆ ದೇಶವನ್ನು 13 ವಲಯಗಳಾಗಿ ಗುರುತಿಸಿ ಒಂದು ನಕ್ಷೆ ಮಾಡಿದೆ. ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಎಷ್ಟು ಡಿಗ್ರಿಗೆ ಇಳಿಯುತ್ತದೆ ಅನ್ನೋದೊಂದೇ ಅದಕ್ಕೆ ಆಧಾರ. 1ನೇ ವಲಯದಲ್ಲಿ ಮೈನಸ್ 45 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗೆ. ಅಂಥ ಚಳಿಯಲ್ಲಿ ಗಿಡದ ಜೀವಕೋಶಗಳ ನಡುವೆ ನೀರು ಮಂಜುಗಡ್ಡೆಯಾಗುತ್ತದೆ, ಕೋಶದೊಳಗಿನ ನೀರನ್ನೂ ಹೊರಗೆಳೆಯುತ್ತದೆ. ತಡೆಯುವ ಗಿಡಗಳು ಮೊದಲೇ ಸಕ್ಕರೆಯಂಥ ಪದಾರ್ಥಗಳನ್ನು ಕೂಡಿಟ್ಟುಕೊಂಡು ಸಿದ್ಧವಾಗಿರುತ್ತವೆ. ಪ್ಯಾನ್ಸಿ ಅಂಥ ಗಿಡ. ಮೇಲೆ ಹಿಮ ಬಿದ್ದು ಕರಗಿದರೂ ತಲೆ ಎತ್ತುತ್ತದೆ. ಅಲ್ಲಿಯ ಜನ ಅದನ್ನು ಪ್ರೀತಿಯಿಂದ ಬೆಳೆಸುವುದರಲ್ಲಿ ಅರ್ಥವಿದೆ.

ನಮ್ಮ ಕಡೆ? ಯಳಂದೂರು, ಕೊಳ್ಳೇಗಾಲದ ಬಯಲಲ್ಲಿ ಮಾಗಿ ಚಳಿ ಅಂದರೆ ಸಾಮಾನ್ಯವಾಗಿ ಮುಂಜಾನೆ 15 ಡಿಗ್ರಿ ಆಸುಪಾಸು. ನಾವು ಸ್ವೆಟರ್ ಹಾಕಿಕೊಂಡು ನಡುಗುತ್ತೇವೆ ಸರಿ, ಆದರೆ ಗಿಡಕ್ಕೆ ಅದು ಚಳಿಯೇ ಅಲ್ಲ. ಮಧ್ಯಾಹ್ನಕ್ಕೆ ಬಿಸಿಲು 30ರ ಹತ್ತಿರ. ಆ ನಕ್ಷೆಯ ಲೆಕ್ಕದಲ್ಲಿ ನಮ್ಮ ಸೀಮೆ ಕೊನೆಯ ಒಂದೆರಡು ವಲಯಗಳಿಗೆ ಸೇರುತ್ತದೆ. ಅಲ್ಲಿ ಚಳಿಗೆ ಸಾಯುವ ಗಿಡ ಹುಡುಕಿದರೂ ಸಿಗುವುದು ಕಷ್ಟ. ಅಂದರೆ ನಾವು ದುಡ್ಡು ಕೊಟ್ಟು ತರುತ್ತಿರುವುದು ಇಲ್ಲದ ಶತ್ರುವಿನ ಜೊತೆ ಹೋರಾಡುವ ಸೈನಿಕನನ್ನು. ನಿಜವಾದ ಶತ್ರು ಫೆಬ್ರವರಿ ಕೊನೆಗೆ ಬರುತ್ತಾನೆ. ಚಾಮರಾಜನಗರ ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಳ್ಳೆ ಮಳೆ. ಡಿಸೆಂಬರ್ ದಾಟಿದ ಮೇಲೆ ಏಪ್ರಿಲ್ ಮಳೆ ಬರುವ ತನಕ ನೆಲ ಒಣಗುತ್ತಲೇ ಹೋಗುತ್ತದೆ. ಪ್ಯಾನ್ಸಿ ಹಿಮ ತಡೆಯುತ್ತದೆ, ಈ ಬಿಸಿಲು ತಡೆಯಲ್ಲ. ಅದು ಮಾಲಿ ಅಣ್ಣನ ತಪ್ಪಲ್ಲ. ಡಿಸೈನ್ ಮಾಡುವಾಗ ಲೋಡ್ ತಪ್ಪಾಗಿ ಲೆಕ್ಕ ಹಾಕಿ, ಕಟ್ಟಡ ಬಿದ್ದಾಗ ಗಾರೆಯವನನ್ನು ಬೈದ ಹಾಗೆ.

ಹಾಗಾದರೆ ಸೇವಂತಿಗೆ ಚಳಿಗಾಲದಲ್ಲೇ ಯಾಕೆ ಅರಳುತ್ತದೆ? ನಾವು ಚಳಿಯಿಂದ ಅಂದುಕೊಂಡಿದ್ದೆವು. ಮುಖ್ಯ ಕಾರಣ ರಾತ್ರಿಯ ಉದ್ದ. ನಮ್ಮ ಅಕ್ಷಾಂಶದಲ್ಲಿ ಜೂನ್ ತಿಂಗಳ ಹಗಲು 13 ಗಂಟೆಗೆ ಹತ್ತಿರ, ಡಿಸೆಂಬರ್ ಹಗಲು ಸುಮಾರು ಹನ್ನೊಂದೂವರೆ ಗಂಟೆ. ವ್ಯತ್ಯಾಸ ಒಂದೂವರೆ ಗಂಟೆಯೂ ಇಲ್ಲ. ಅಷ್ಟನ್ನೇ ಸೇವಂತಿಗೆ ಅಳೆದು, ರಾತ್ರಿ ಸಾಕಷ್ಟು ಉದ್ದವಾಯಿತು ಅಂತ ಗೊತ್ತಾದ ಮೇಲೆ ಮೊಗ್ಗು ಬಿಡುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಕೆಂಪಾಗುವ ಪಾಯಿನ್‌ಸೆಟಿಯಾದ ಲೆಕ್ಕವೂ ಇದೇ. ಹೂ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಹೂ ತಡವಾಗಿ ಬರಲಿ ಅಂತ ಸೇವಂತಿಗೆ ತೋಟದಲ್ಲಿ ರಾತ್ರಿ ಹೊತ್ತು ಬಲ್ಬು ಉರಿಸುತ್ತಾರೆ. ಗಿಡಕ್ಕೆ ಇನ್ನೂ ಹಗಲು ಉದ್ದವಿದೆ ಅನ್ನುವ ಭ್ರಮೆ.

ಇದನ್ನು ಓದಿದ ಮೇಲೆ ನಮಗೆ ಒಂದು ಹಳೆಯ ಒಗಟು ಬಿಡಿಸಿತು. ನಮ್ಮ ಲೈಬ್ರರಿ ಪಕ್ಕ ಹಿಂದೊಮ್ಮೆ ಸೇವಂತಿಗೆ ಪಾತಿ ಮಾಡಿದ್ದರು. ಅರ್ಧ ಪಾತಿ ಹೂ ಬಿಟ್ಟಿತು, ಇನ್ನರ್ಧ ಬರೀ ಎಲೆ. ‘ಈ ಮಣ್ಣಿಗೆ ಸೇವಂತಿಗೆ ಆಗಲ್ಲ’ ಅಂತ ಕಿತ್ತು ಹಾಕಿದರು. ಆ ಎಲೆಯ ಅರ್ಧ ಎಲ್ಲಿತ್ತು ಗೊತ್ತಾ? ರಾತ್ರಿಯಿಡೀ ಉರಿಯುವ ಹೈಮಾಸ್ಟ್ ದೀಪದ ಕೆಳಗೆ. ಹೂ ಬಿಟ್ಟ ಅರ್ಧ ಕಟ್ಟಡದ ನೆರಳಿನಲ್ಲಿತ್ತು. ನಾಲ್ಕು ವರ್ಷ ಸಿಗ್ನಲ್ಸ್, ಸೆನ್ಸರ್ಸ್ ಅಂತ ಓದುವ ನಾವು ದಿನಾ ಅದರ ಪಕ್ಕದಲ್ಲೇ ಓಡಾಡಿದ್ದೇವೆ. ಒಂದು ಗಿಡ ಸೆನ್ಸರ್ ಕೆಲಸ ಮಾಡುತ್ತಾ ನಿಂತಿದೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಇನ್ನು ಬೆಟ್ಟದ ವಿಷಯ. ಯಳಂದೂರಿನಿಂದ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬಸ್ಸು ಕಾಡಿನೊಳಗೆ ಹೋಗುತ್ತಿದ್ದಂತೆ ರಸ್ತೆಯ ಎರಡು ಬದಿಗೂ ಒಂದೇ ಗಿಡದ ಪೊದೆ. ಸಣ್ಣ ಸಣ್ಣ ಹೂವಿನ ಗೊಂಚಲು, ಹಳದಿ, ಗುಲಾಬಿ. ‘ಎಷ್ಟ್ ಚೆನ್ನಾಗಿದೆ’ ಅಂದಳು ನಮ್ಮಲ್ಲೊಬ್ಬಳು. ಅದು ಲಂಟಾನ. ಅಮೆರಿಕ ಖಂಡದ ಗಿಡ. ಸುಮಾರು ಇನ್ನೂರು ವರ್ಷದ ಹಿಂದೆ ಬ್ರಿಟಿಷರು ತೋಟದ ಅಂದಕ್ಕೆ ಅಂತ ಭಾರತಕ್ಕೆ ತಂದದ್ದು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಇವತ್ತು ಹುಲಿ ಸಂರಕ್ಷಿತ ಪ್ರದೇಶವಾಗಿರುವ ಆ ಕಾಡಿನ ನೆಲವನ್ನು ಅದು ಆಕ್ರಮಿಸಿಕೊಂಡಿದೆ. ಕೆಳಗೆ ಹುಲ್ಲು ಬೆಳೆಯಲ್ಲ, ಸಸಿ ಮೇಲೇಳಲ್ಲ. ಹಿಂದೆ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಇದು ಹೆಚ್ಚಾಯಿತು ಅಂತ ಅಲ್ಲಿಯ ಸೋಲಿಗರು ಹೇಳುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು ಮಾಡುವುದನ್ನು ಅವರು ಕಲಿತಿದ್ದಾರೆ. ಆದರೂ ಕಡಿದಷ್ಟೂ ಬೆಳೆಯುತ್ತಿದೆ. ಬಂಡೀಪುರ, ನಾಗರಹೊಳೆಯಲ್ಲಿ ಸೆನ್ನಾ ಸ್ಪೆಕ್ಟಾಬಿಲಿಸ್ ಅನ್ನುವ ಹಳದಿ ಹೂವಿನ ಮರದ್ದೂ ಇದೇ ಕಥೆ. ಅದನ್ನೂ ಚೆಂದಕ್ಕೆ, ನೆರಳಿಗೆ ಅಂತ ನೆಟ್ಟದ್ದೇ. ಈಗ ಅರಣ್ಯ ಇಲಾಖೆ ಅದನ್ನು ಕಿತ್ತು ಹಾಕಲು ಹೆಣಗುತ್ತಿದೆ. ಬೇಲಿಯೊಳಗೆ ಬಣ್ಣಕ್ಕೆ ಅಂತ ಆರಿಸಿದ್ದು ಬೇಲಿಯೊಳಗೇ ಇರುತ್ತದೆ ಅಂತ ಗ್ಯಾರಂಟಿ ಇಲ್ಲ. ಕಾಡಿಗೆ ಇಷ್ಟು ಹತ್ತಿರ ಇರುವ ನಮಗಂತೂ ಈ ಎಚ್ಚರ ಬೇಕೇ ಬೇಕು.

ಹಾಗಂತ ‘ಹೊರಗಿನದೆಲ್ಲ ಬೇಡ, ನಮ್ಮದೇ ಇರಲಿ’ ಅಂತ ನಾವು ಹೇಳುತ್ತಿಲ್ಲ. ಹೇಳಿದರೆ ಮೊದಲು ಚೆಂಡು ಹೂವನ್ನೇ ಹೊರಗೆ ಹಾಕಬೇಕಾಗುತ್ತದೆ. ಅದು ಮೆಕ್ಸಿಕೊ ಕಡೆಯಿಂದ ಬಂದದ್ದು. ಸೇವಂತಿಗೆಯ ತವರು ಚೀನಾ. ಬಂದವರು ಹೊಂದಿಕೊಂಡರು, ನಮ್ಮ ಮುಡಿಗೆ, ದೇವರ ಪಟಕ್ಕೆ, ಆಯುಧಪೂಜೆಯ ದಿನ ಲ್ಯಾಬಿನ ಲೇತ್ ಮೆಷಿನ್ನಿಗೂ ಏರಿದರು. ಲಾಲ್‌ಬಾಗಿನ ಉಸ್ತುವಾರಿ ವಹಿಸಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ, ವರ್ಷದ ಯಾವ ಕಾಲದಲ್ಲಿ ನೋಡಿದರೂ ಊರಿನ ಎಲ್ಲಾದರೂ ಒಂದು ಮರ ಹೂ ಬಿಟ್ಟಿರಬೇಕು ಅಂತ ಯೋಚಿಸಿದರು. ಅದರಲ್ಲಿ ಹೊರದೇಶದ ಮರಗಳೂ ಇದ್ದವು. ಆದರೆ ಅವು ಮರಗಳು. ಒಮ್ಮೆ ನೆಟ್ಟರೆ ತಲೆಮಾರು ದಾಟುತ್ತವೆ, ಲಾರಿಯಲ್ಲಿ ವರ್ಷಾ ವರ್ಷಾ ಬರಬೇಕಿಲ್ಲ.

ಫಲಪುಷ್ಪ ಪ್ರದರ್ಶನದ ಬಗ್ಗೆಯೂ ನಮಗೆ ತಕರಾರಿಲ್ಲ. ಜನವರಿಯ ಲಾಲ್‌ಬಾಗ್, ಡಿಸೆಂಬರಿನ ಮೈಸೂರು ಅರಮನೆ, ಎರಡಕ್ಕೂ ನಾವೇ ಹೋಗಿ ಬಂದಿದ್ದೇವೆ, ಕಣ್ಣು ತುಂಬಿತು. ಅದು ಹಬ್ಬ, ಹಬ್ಬ ಮುಗಿದರೆ ಪೆಂಡಾಲ್ ಬಿಚ್ಚುತ್ತಾರೆ. ಕಾಲೇಜಿನ ತೋಟ ಪೆಂಡಾಲ್ ಅಲ್ಲ. ಹೂ ಹೋದ ಮೇಲೂ ಅದರ ಪಕ್ಕ ನಾವು ಇನ್ನೂ ಹತ್ತು ತಿಂಗಳು ನಡೆಯಬೇಕು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಪೆಟೂನಿಯಾದಷ್ಟು ಬಗೆಬಗೆಯ ಬಣ್ಣ ನಾವು ಹೇಳುವ ಗಿಡಗಳಲ್ಲಿ ಸಿಗುವುದಿಲ್ಲ. ಅಚ್ಚ ನೀಲಿ ಅಂತೂ ಇಲ್ಲವೇ ಇಲ್ಲ. ಅಷ್ಟು ನಷ್ಟ ತಡೆದುಕೊಳ್ಳಬಹುದು ಅಂತ ನಮ್ಮ ಅಭಿಪ್ರಾಯ.

ಗಿಡ ಆರಿಸುವಾಗ ನಾಲ್ಕು ಪ್ರಶ್ನೆ ಸಾಕು. ಟ್ಯಾಂಕರ್ ನೀರಿಲ್ಲದೆ ಮಾರ್ಚ್ ದಾಟುತ್ತದಾ? ಬೀಜ, ಕಡ್ಡಿ, ಮರಿಯಿಂದ ಮುಂದಿನ ವರ್ಷಕ್ಕೆ ನಾವೇ ಮಾಡಿಕೊಳ್ಳಬಹುದಾ? ಜೇನಿಗೋ ಚಿಟ್ಟೆಗೋ ಏನಾದರೂ ಕೊಡುತ್ತದಾ? ಬೇಲಿ ಹಾರಿ ಕಾಡಿಗೆ ಓಡುತ್ತದಾ? ಈ ನಾಲ್ಕನ್ನು ಇಟ್ಟುಕೊಂಡು ನೋಡಿ.

ಸ್ಪಟಿಕ. ಕಡ್ಡಿ ನೆಟ್ಟರೆ ಬರುತ್ತದೆ, ವರ್ಷಗಟ್ಟಲೆ ಇರುತ್ತದೆ. ಮಳೆ ಮುಗಿಯುವ ಹೊತ್ತಿಗೆ ಶುರುವಾಗಿ ಜನವರಿ ತನಕ ಹೂ. ನೇರಳೆ, ಬಿಳಿ, ಗುಲಾಬಿ. ಹೂ ಮುಗಿದ ಮೇಲೆ ಕತ್ತರಿಸಿದರೆ ಅಚ್ಚುಕಟ್ಟಾಗಿ ನಿಲ್ಲುತ್ತದೆ.

ತಂಗಡಿ, ಆವರಿಕೆ ಅಂತಲೂ ಹೇಳುತ್ತಾರೆ. ಕಲ್ಲುಭೂಮಿಯಲ್ಲೂ ಬದುಕುವ ನಮ್ಮದೇ ಗಿಡ. ಅದರ ತೊಗಟೆಯನ್ನು ಚರ್ಮ ಹದ ಮಾಡಲು ಬಳಸುತ್ತಿದ್ದರು. ಪಕ್ಕದ ತೆಲಂಗಾಣ ಅದನ್ನು ತನ್ನ ರಾಜ್ಯದ ಹೂ ಮಾಡಿಕೊಂಡಿದೆ. ನಾವು ಅದನ್ನು ಕಳೆ ಅಂತ ಜೆಸಿಬಿಯಲ್ಲಿ ಎತ್ತಿಸಿ ಆ ಜಾಗಕ್ಕೆ ಲಾನ್ ಹಾಸುತ್ತೇವೆ. ಮೆಕ್ಯಾನಿಕಲ್ ಬ್ಲಾಕ್ ಹಿಂದಿನ ಒಣ ದಿಬ್ಬಕ್ಕೆ ಇದಕ್ಕಿಂತ ಒಳ್ಳೆ ಗಿಡ ಇಲ್ಲ.

ಸೇವಂತಿಗೆ. ದೀಪದಿಂದ ದೂರ, ಕತ್ತಲಿರುವ ಕಡೆ. ಇದಕ್ಕೆ ನೀರು ಸ್ವಲ್ಪ ಬೇಕು, ಆದ್ದರಿಂದ ಒಂದು ಪಾತಿ ಸಾಕು. ಹೂವಾದ ಮೇಲೆ ಕಡ್ಡಿ ಕತ್ತರಿಸಿಬಿಟ್ಟರೆ ಬುಡದಲ್ಲಿ ಮರಿ ಬರುತ್ತದೆ. ಅಜ್ಜಿಯ ಮನೆಯ ಸೇವಂತಿಗೆ ಹಾಗೆಯೇ ಅವರ ಮದುವೆಯ ಕಾಲದಿಂದ ನಡೆದು ಬಂದದ್ದಂತೆ.

ಚೆಂಡು ಹೂ ಮತ್ತು ಕೋಳಿಜುಟ್ಟು. ಇವು ಒಂದೇ ಹಂಗಾಮಿನವು, ಮಾರ್ಚ್ ದಾಟುವುದಿಲ್ಲ. ಆದರೆ ಬೀಜ ಬಿಟ್ಟು ಹೋಗುತ್ತವೆ. ಒಣಗಿದ ನಾಲ್ಕು ಹೂ ಲಕೋಟೆಯಲ್ಲಿಟ್ಟರೆ ಮುಂದಿನ ವರ್ಷದ ಪಾತಿ ಜೇಬಿನಲ್ಲಿ.

ಜೊತೆಗೆ ಅಂಚಿಗೆ ಒಂದು ಸಾಲು ಹುಚ್ಚೆಳ್ಳು. ರಾಗಿ ಹೊಲದ ಬದಿಯಲ್ಲಿ ಹಾಕುತ್ತಾರಲ್ಲ, ಅದು. ಹಳದಿ ಹೂ, ಅದರ ತುಂಬ ಜೇನುಹುಳು. ಕಾಳು ಬಂದರೆ ಹಾಸ್ಟೆಲ್ ಮೆಸ್ಸಿಗೆ ಚಟ್ನಿಪುಡಿ. ಈ ಒಂದು ಕಾರಣಕ್ಕಾದರೂ ಹಾಸ್ಟೆಲಿನವರೆಲ್ಲ ನಮಗೆ ವೋಟು ಹಾಕಬೇಕು.

ಊರಿಂದ ಬಂದ ಮೇಲೆ ಈ ಪಟ್ಟಿಯನ್ನು ಮಾಲಿ ಅಣ್ಣನಿಗೆ ತೋರಿಸಿದೆವು. ಎರಡು ವರ್ಷದಲ್ಲಿ ಅವರ ಜೊತೆ ನಾವು ಕೂತು ಮಾತಾಡಿದ್ದು ಅದೇ ಮೊದಲು. ಅವರು ಹನೂರು ಕಡೆಯವರು. ಊರಿನಲ್ಲಿ ಅರ್ಧ ಎಕರೆ ಇದೆ, ಅದರಲ್ಲಿ ಅವರ ತಮ್ಮ ಬೆಳೆಯುವುದು ಏನು ಗೊತ್ತಾ? ಚೆಂಡು ಹೂ. ಹೂ ಬೆಳೆದು ಮಾರುವ ಮನೆಯವರನ್ನು ನಿಲ್ಲಿಸಿಕೊಂಡು ‘ಗಿಡ ನೋಡಿಕೊಳ್ಳೋಕೆ ಬರಲ್ವಾ’ ಅಂತ ಕೇಳಲಾಗಿತ್ತು. ಇದನ್ನೆಲ್ಲ ನೀವು ಯಾಕೆ ಹೇಳಲಿಲ್ಲ ಅಣ್ಣ ಅಂದಿದ್ದಕ್ಕೆ ‘ನಮ್ಮನ್ನ ಯಾರ್ ಕೇಳ್ತಾರೆ ಬುಡಿ’ ಅಂದರು. ಪಟ್ಟಿ ನೋಡಿ ಎರಡು ತಿದ್ದುಪಡಿಯನ್ನೂ ಮಾಡಿದರು. ತಂಗಡಿಯನ್ನು ಕಿತ್ತು ತಂದು ನೆಟ್ಟರೆ ಹಿಡಿಯುವುದು ಕಷ್ಟ, ಬೀಜದಿಂದಲೇ ಮಾಡಿ ಅಂದರು. ಚೆಂಡು ಹೂವಿನ ಮೊದಲ ಮೊಗ್ಗು ಚಿವುಟಿದರೆ ಕವಲೊಡೆದು ಹೂ ಹೆಚ್ಚು ಬರುತ್ತದೆ ಅಂದರು. ಕ್ಯಾಟಲಾಗಿನಲ್ಲಿ ಇವೆರಡೂ ಇರಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಇಡೀ ಕ್ಯಾಂಪಸ್ ಬದಲಾಯಿಸಿ ಅಂತ ಕೇಳುತ್ತಿಲ್ಲ. ಕ್ಯಾಂಟೀನಿನಿಂದ ಲೈಬ್ರರಿವರೆಗಿನ ಒಂದು ಪಾತಿಯನ್ನು ಒಂದು ವರ್ಷಕ್ಕೆ ಕನ್ನಡ ಸಂಘಕ್ಕೆ ಕೊಡಿ. ಆಗಸ್ಟ್ 15ರಂದು ಧ್ವಜಾರೋಹಣ ಆದ ಮೇಲೆ ಚೆಂಡು ಹೂ, ಕೋಳಿಜುಟ್ಟಿನ ಒಟ್ಲು ಹಾಕುತ್ತೇವೆ. ಒಂದು ತಿಂಗಳಿಗೆ ಸಸಿ, ಅಲ್ಲಿಂದ ಒಂದೂವರೆ ತಿಂಗಳಿಗೆ ಹೂ. ಲೆಕ್ಕ ಹಾಕಿ ನೋಡಿ, ಸರಿಯಾಗಿ ನವೆಂಬರ್ 1. ರಾಜ್ಯೋತ್ಸವಕ್ಕೆ ಪ್ಲಾಸ್ಟಿಕ್ ಬಂಟಿಂಗ್ಸ್ ಬದಲು ನೆಲದ ಮೇಲೆಯೇ ಅರಿಶಿನ, ಕುಂಕುಮ. ಆಮೇಲೆ ಸ್ಪಟಿಕ, ಸೇವಂತಿಗೆ ಜನವರಿ ತನಕ ನಡೆಸುತ್ತವೆ. ನೀರು ಎಷ್ಟು ಹೋಯಿತು ಅಂತ ಲಾರಿಯ ಕುಂಡಗಳ ಪಕ್ಕದಲ್ಲೇ ಮೀಟರ್ ಇಟ್ಟು ಅಳೆಯುತ್ತೇವೆ, ಮಿನಿ ಪ್ರಾಜೆಕ್ಟ್ ಅಂತಲೂ ಆಯಿತು. ನಮ್ಮ ಪಾತಿ ಸೋತರೆ ಇದೇ ಪತ್ರಿಕೆಯಲ್ಲಿ ಸೋತೆವು ಅಂತ ಬರೆಯುತ್ತೇವೆ.

ಒಂದೇ ಷರತ್ತು. ಆ ಪಾತಿಗೆ ಏನು ಹಾಕಬೇಕು ಅನ್ನುವ ಮೀಟಿಂಗಿನಲ್ಲಿ ಮಾಲಿ ಅಣ್ಣನಿಗೂ ಒಂದು ಕುರ್ಚಿ ಇರಬೇಕು.

ಈ ಲೇಖನ ಬರೆಯುತ್ತಿರುವ ಹೊತ್ತಿಗೆ ಅಡ್ಮಿನ್ ಬ್ಲಾಕ್ ಮುಂದಿನ ಪ್ಯಾನ್ಸಿಗಳು ಬಾಡಲು ಶುರುವಾಗಿವೆ. ಹಾಸ್ಟೆಲ್ ಹಿಂದುಗಡೆ, ಒಡೆದ ಬಕೆಟ್ಟಿನಲ್ಲಿ, ಹೊನ್ನೂರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಆರು ಸ್ಪಟಿಕದ ಕಡ್ಡಿಗಳಿವೆ. ನಾಲ್ಕು ಚಿಗುರಿವೆ. ಈ ಮಾರ್ಚಿನಲ್ಲಿ ಯಾರಾದರೂ ಮಾಲಿ ಅಣ್ಣನನ್ನು ಬೈಯುವುದು ಕಂಡರೆ ಈ ಸಲ ಟೀ ಲೋಟ ಕೆಳಗಿಟ್ಟು ಹೋಗಿ ಮಾತಾಡುತ್ತೇವೆ. ನೀವೂ ಬನ್ನಿ.